ಟೈಮ್ ಒಂದೇ, ಓಟ ಬೇರೆ

"ಸರ್, ಇಬ್ಬರದ್ದೂ 2:06. ಮತ್ಯಾಕೆ ಅವನಿಗೊಂದು ವರ್ಕೌಟ್, ನನಗೊಂದು?"

ಕಾರವಾರದ ಕಡಲತೀರದಲ್ಲಿ ಕೂತು ಶೂ ಒಳಗಿನ ಮರಳು ಕೊಡವುತ್ತಾ ಹುಡುಗ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ. 800 ಮೀಟರ್‌ನಲ್ಲಿ ಇಬ್ಬರೂ ಒಟ್ಟಿಗೇ ಗೆರೆ ಮುಟ್ಟುತ್ತಾರೆ. ಆದರೆ ಬೈತಖೋಲದ ಈ ಹುಡುಗ 400 ಮೀಟರ್ 54 ಸೆಕೆಂಡಿಗೆ ಓಡುತ್ತಾನೆ, 1500ಕ್ಕೆ 4:40 ಬೇಕು. ಶಿರಸಿ ಕಡೆಯವನಿಗೆ 400ಕ್ಕೆ 59 ಆಗುತ್ತದೆ, 1500 ಮಾತ್ರ 4:18ಕ್ಕೇ ಮುಗಿಸುತ್ತಾನೆ.

ನನ್ನ ಲೆಕ್ಕ ಸುಲಭ. 400ರ ಟೈಮನ್ನು ಎರಡರಷ್ಟು ಮಾಡಿ, 800ರ ಟೈಮಿನಿಂದ ಕಳೆಯುತ್ತೇನೆ. ಬೈತಖೋಲದವನಿಗೆ 18 ಉಳಿಯುತ್ತದೆ, ಶಿರಸಿಯವನಿಗೆ 8. ಜಾಸ್ತಿ ಉಳಿದರೆ ವೇಗವಿದೆ, ದಮ್ಮು ಸಾಲದು. ಕಡಿಮೆ ಉಳಿದರೆ ದಮ್ಮಿದೆ, ಇರುವಷ್ಟು ವೇಗವನ್ನೆಲ್ಲ ಆಗಲೇ ಬಳಸಿಯಾಗಿದೆ.

ಹಾಗಂತ 8 ಒಳ್ಳೆಯದು, 18 ಕೆಟ್ಟದ್ದು ಅಂತಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ 400 (44.26) ಮತ್ತು 800 (1:43.50) ಎರಡನ್ನೂ ಗೆದ್ದ. ಅವನಿಗೆ ಉಳಿಯುವುದು 15. ಬ್ರಿಟನ್ನಿನ ಸೆಬಾಸ್ಟಿಯನ್ ಕೋ 400ರಲ್ಲಿ ಅವನಿಗಿಂತ ಎರಡೂವರೆ ಸೆಕೆಂಡಿಗೂ ಹಿಂದೆ, 46.87. ಆದರೂ 1981ರಲ್ಲಿ 800 ಓಡಿದ್ದು 1:41.73ಕ್ಕೆ. ಉಳಿದದ್ದು ಬರೀ 8.

ಇನ್ನೂ ಮಜಾ ಅಂದರೆ ಮೊರಾಕೊದ ಹಿಶಾಮ್ ಎಲ್ ಗೆರೂಜ್. 1500ರಲ್ಲಿ ಅವನ 1998ರ ವಿಶ್ವದಾಖಲೆ 3:26.00. 800ರಲ್ಲಿ ಅವನ ಅತ್ಯುತ್ತಮ ಟೈಮ್ 1:47.18. ನಮ್ಮ ಭಾರತದ ಜಿನ್ಸನ್ ಜಾನ್ಸನ್ 2018ರಲ್ಲಿ ಓಡಿದ 1:45.65 ಅದಕ್ಕಿಂತ ಚೆನ್ನಾಗಿದೆ! ಆದರೆ 2004ರ ಅಥೆನ್ಸ್‌ನಲ್ಲಿ ಗೆರೂಜ್ 1500ರ ಜೊತೆ 5000ವನ್ನೂ ಗೆದ್ದ. ಅವನ ಹರವು ಉದ್ದದ ಓಟಗಳ ಕಡೆಗೆ ಚಾಚಿತ್ತು, ಹುವಾಂಟೊರೆನಾದ್ದು ಚಿಕ್ಕ ಓಟಗಳ ಕಡೆಗೆ.

800ರಲ್ಲಿ ಬೇಕಾದ ಶಕ್ತಿಯ ಹೆಚ್ಚುಕಮ್ಮಿ ಮೂರನೇ ಎರಡು ಪಾಲು ಆಮ್ಲಜನಕದ ದಾರಿಯಿಂದಲೇ ಬರುತ್ತದೆ. 1500ರಲ್ಲಿ ಐದಕ್ಕೆ ನಾಲ್ಕು ಪಾಲು. ನಾನು ದಮ್ಮು ಅನ್ನುವುದು ಇದಕ್ಕೇ. ಬೈತಖೋಲದವನನ್ನು ಕೊನೆಯ 150 ಮೀಟರ್‌ನಲ್ಲಿ ನೋಡಬೇಕು. ಹೆಗಲು ಕಿವಿಯ ಹತ್ತಿರಕ್ಕೇರುತ್ತದೆ, ಮುಷ್ಟಿ ಬಿಗಿಯಾಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಶಿರಸಿಯವನ ಮುಖದಲ್ಲಿ ಆಗಲೂ ಏನೂ ಕಾಣಿಸಲ್ಲ. ಪಾಪ, ಇನ್ನೊಂದು ಗೇರ್ ಇಲ್ಲ, ಅಷ್ಟೇ.

ಹಿಂದೊಮ್ಮೆ ಇಂಥದ್ದೇ ವೇಗದ ಹುಡುಗನಿಗೆ ನಾನು ವಾರಕ್ಕೆ ಮೂರು ದಿನ 400ರ ರಿಪೀಟ್ (ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡುವುದು) ಕೊಟ್ಟಿದ್ದೆ, ಅದೂ ಪೂರ್ತಿ ಜೋರಿನಲ್ಲಿ. ಎರಡು ತಿಂಗಳಲ್ಲಿ ಅವನ 400 ನಿಧಾನವಾಯಿತು, 800 ಇದ್ದಲ್ಲೇ ಇತ್ತು. ತಪ್ಪು ನನ್ನದೇ. ಅವನಿಗೆ ಬೇಕಾಗಿದ್ದದ್ದು ಉದ್ದದ ನಿಧಾನ ಓಟ. ಶಿರಸಿಯವನಂಥವರಿಗೆ ಏರಿನಲ್ಲಿ 60 ಮೀಟರ್, ಬಯಲಲ್ಲಿ 150 ಮೀಟರ್, ನಡುವೆ ಪೂರ್ತಿ ವಿಶ್ರಾಂತಿ.

ಒಂದು ಎಚ್ಚರಿಕೆ. ಶಾಲೆ ಮೈದಾನದಲ್ಲಿ 200 ಮೀಟರ್ ಟ್ರ್ಯಾಕು, ಕೈಯಲ್ಲಿ ಸ್ಟಾಪ್‌ವಾಚು. ಒಂದು ಸೆಕೆಂಡಿನ ವ್ಯತ್ಯಾಸಕ್ಕೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಟೈಮನ್ನೂ ಒಂದೇ ಮೈದಾನದಲ್ಲಿ, ಒಂದೇ ವಾರದೊಳಗೆ ತೆಗೆಯಿರಿ.

ಹುಡುಗ ಹಸಿ ಮರಳಿನ ಮೇಲೆ ಬೆರಳಲ್ಲಿ 54, ಅದರ ಕೆಳಗೆ ಇನ್ನೊಂದು 54 ಬರೆದು ಕೂಡಿಸಿದ. "ಹದಿನೆಂಟಾ ಸರ್?" ಅಂದ.

"ಹ್ಞೂಂ. ನಾಳೆ ನೀರು ಇಳಿದ ಮೇಲೆ ಗಟ್ಟಿ ಮರಳಲ್ಲಿ ಕೋಡಿಬಾಗದ ಕಡೆ ಹೋಗಿ ಬಾ. ಮಾತಾಡಿಕೊಂಡು ಓಡೋ ವೇಗ ಸಾಕು. ಹೋದ ದಾರಿಯಲ್ಲೇ ವಾಪಸ್ ಬಾ, ತೀರ ಒಂದೇ ಕಡೆಗೆ ಇಳಿಜಾರು, ಇಲ್ಲಾಂದ್ರೆ ಒಂದೇ ಕಾಲಿನ ಗಂಟು ನೋಯುತ್ತೆ."