ಇಲ್ಲೊಂದು ‘ಧಡ್’ ಹಾಕಿ ಸರ್

ಹಾರರ್ ಕಿರುಚಿತ್ರ ಹಿಡಿದುಕೊಂಡು ಸೌಂಡ್ ಮಿಕ್ಸಿಂಗ್‌ಗೆ ಬರುವ ಹುಡುಗರದ್ದು ಒಂದೇ ಮಾತು: “ಸರ್, ಇಲ್ಲಿ ಜೋರಾಗಿ ಒಂದು ಧಡ್ ಹಾಕಿ.” ಹಾಕಿದರೆ, “ಇನ್ನೂ ಜಾಸ್ತಿ ಮಾಡಿ.” ಯಾಕಪ್ಪಾ ಅಂದರೆ ಉತ್ತರ ರೆಡಿ ಇರುತ್ತದೆ. “ನಮ್ಮದು ಲೋ ಬಜೆಟ್ ಸರ್. ‘ಹ್ಯಾಲೋವೀನ್’ ಸಿನಿಮಾನ ಉಳಿಸಿದ್ದೂ ಮ್ಯೂಸಿಕ್ಕೇ ಅಲ್ವಾ?”

ಅದು ನಿಜವೇ. 1978ರ ಆ ಅಮೆರಿಕನ್ ಹಾರರ್ ಚಿತ್ರಕ್ಕೆ ಖರ್ಚಾಗಿದ್ದು ಸುಮಾರು 3 ಲಕ್ಷ ಡಾಲರ್. ಅಂಗಡಿಯಿಂದ ತಂದ ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ಪಾತ್ರದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಕೊಲೆಗಾರನಿಗೆ ಹಾಕಿದರು. ನಿರ್ದೇಶಕ ಜಾನ್ ಕಾರ್ಪೆಂಟರ್ ಸಂಗೀತವಿಲ್ಲದ ಪ್ರತಿಯನ್ನು ಒಂದು ದೊಡ್ಡ ಸ್ಟುಡಿಯೊದ ಅಧಿಕಾರಿಗೆ ತೋರಿಸಿದಾಗ ಆಕೆಗೆ ಚೂರೂ ಭಯ ಆಗಲಿಲ್ಲವಂತೆ. ಆಮೇಲೆ ಸಂಗೀತವನ್ನು ತಾವೇ ಮಾಡಿದರು.

ಏನು ಮಾಡಿದರು ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ. ಪಿಯಾನೊ, ಸಿಂಥಸೈಜರ್, ಅಷ್ಟೇ. ಲಯ ಐದು ಎಣಿಕೆಯದು, ಚಿಕ್ಕಂದಿನಲ್ಲಿ ಅಪ್ಪ ಬಾಂಗೋ ಡ್ರಮ್ ಮೇಲೆ ಕಲಿಸಿಕೊಟ್ಟದ್ದು. ನಾಲ್ಕಕ್ಕೆ ಮುಗೀತು ಅಂದುಕೊಂಡರೆ ಇನ್ನೊಂದು ಉಳಿದಿರುತ್ತದೆ. ಅದು ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ವಾಲ್ಯೂಮ್ ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ಹೊಟ್ಟೆಯೊಳಗಿನ ಸಂಕಟ ಹೋಗುವುದಿಲ್ಲ.

ಬೆಚ್ಚಿಬೀಳಿಸುವ ಸದ್ದು ಅದರಲ್ಲೂ ಇದೆ, ಇಲ್ಲ ಅನ್ನಲಾರೆ. ಎಲ್ಲ ಚಿತ್ರಕ್ಕೂ ಒಂದೇ ಮದ್ದು ಅಂತಲೂ ಹೇಳುತ್ತಿಲ್ಲ. ಆದರೆ ಕೊನೆಯ ನಿಮಿಷ ನೋಡಿ. ಕೊಲೆಗಾರ ಕಾಣೆಯಾಗಿದ್ದಾನೆ. ಖಾಲಿ ಕೋಣೆ, ಮೆಟ್ಟಿಲು, ಕತ್ತಲಲ್ಲಿ ನಿಂತ ಮನೆಗಳು ಒಂದೊಂದಾಗಿ ಬರುತ್ತವೆ. ಜೊತೆಗೆ ಮುಖವಾಡದೊಳಗಿನ ಉಸಿರಾಟ. ಉಸಿರು ರೆಕಾರ್ಡ್ ಮಾಡಲು ಎಷ್ಟು ದುಡ್ಡು ಬೇಕು ಹೇಳಿ?

1980ರಲ್ಲಿ ಇಂಥದ್ದೇ ಕೊಲೆಗಾರನ ಸಿನಿಮಾ ‘ಫ್ರೈಡೇ ದ ಥರ್ಟೀನ್ತ್’ ಬಂತು. ಅದರ ಹಿಂದೆಯೇ ಚಾಕು ಹಿಡಿದವರ ಸಾಲೇ ಬಂತು. ಚಾಕು ಎಲ್ಲರಿಗೂ ಸಿಕ್ಕಿತು, ಪ್ರೇಕ್ಷಕರನ್ನು ಕಾಯಿಸುವ ತಾಳ್ಮೆ ಕೆಲವರಿಗೆ ಮಾತ್ರ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ತೀರಿಹೋದ ಅಜ್ಜಿಯ ತೂಗುಮಂಚದ ಕಥೆ. ಒಳ್ಳೆ ಹುಡುಗ, ಶಾಟ್‌ಗಳೂ ಚೆನ್ನಾಗಿದ್ದವು. ಬಾಗಿಲು ತೆರೆದಾಗ ಧಡ್ ಬೇಕು ಅಂದ. ನಾನು ಸರಪಳಿಯ ಕಿರ್ ಕಿರ್ ಸದ್ದನ್ನು ಬಾಗಿಲಿನ ಈಚೆವರೆಗೂ ತಂದೆ. ತೆರೆ ಮೇಲಿನ ಪಾತ್ರದ ಕೈ ಚಿಲಕಕ್ಕೆ ತಾಗಿದ ತಕ್ಷಣ ನಿಲ್ಲಿಸಿದೆ. ಎರಡು ಸೆಕೆಂಡ್ ಏನೂ ಇಲ್ಲ. ಹುಡುಗ ಮೂರು ಸಲ ಹಾಕಿಸಿಕೊಂಡು ಕೇಳಿದ.

“ಸರ್, ಇನ್ನೊಂದು ಸೆಕೆಂಡ್ ಬಿಡಿ,” ಅಂದ.

ಬಿಟ್ಟೆ.