ಪ್ರಯೋಗಾಲಯದಿಂದ ರೋಗಿಯ ಬಳಿಗೆ: ಲೈಡನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇಸಿಜಿಯ ಹಿನ್ನೆಲೆ

ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆದು ನೋಡಬೇಕೆಂಬುದು ಇಂದು ಹೃದ್ರೋಗ ಚಿಕಿತ್ಸೆಯಲ್ಲಿ ಎಲ್ಲೆಡೆ ಒಪ್ಪಿತವಾದ ನಿಯಮ. ಕೈಕಾಲುಗಳಿಗೆ ಕ್ಲಿಪ್ಪು ಹಾಕಿ, ಎದೆಯ ಮೇಲೆ ಆರು ಕಡೆ ವೈರು ಅಂಟಿಸಿದರೆ ಚೌಕಳಿ ಕಾಗದದ ಮೇಲೆ ಹೃದಯದ ವಿದ್ಯುತ್ ಚಟುವಟಿಕೆಯ ರೇಖೆ ಮೂಡಲು ಕೆಲವೇ ಸೆಕೆಂಡು ಸಾಕು. ಈ ಸಲೀಸುತನದ ಹಿಂದೆ ಹಲವು ದಶಕಗಳ ದುಡಿಮೆಯಿದೆ. ಅದರ ನಿರ್ಣಾಯಕ ಭಾಗ ನಡೆದದ್ದು 1575ರಲ್ಲಿ ಸ್ಥಾಪನೆಯಾದ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನದ ಪ್ರಯೋಗಾಲಯದಲ್ಲಿ. ಈ ಇತಿಹಾಸವನ್ನು ಸಾಮಾನ್ಯವಾಗಿ ಒಂದು ಯಂತ್ರದ ಆವಿಷ್ಕಾರವಾಗಿ ಹೇಳಿ ಮುಗಿಸುತ್ತಾರೆ. ಆ ಯಂತ್ರ ರೋಗಿಯನ್ನು ತಲುಪಿದ ಬಗೆಗೂ ಅಷ್ಟೇ ಮಹತ್ವ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಹೃದಯ ಪ್ರತಿ ಬಡಿತದಲ್ಲೂ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದು 19ನೇ ಶತಮಾನದ ಮಧ್ಯಭಾಗದಲ್ಲೇ ಕಪ್ಪೆಗಳ ಮೇಲಿನ ಪ್ರಯೋಗಗಳಿಂದ ತಿಳಿದಿತ್ತು. ಮನುಷ್ಯನ ಎದೆಯನ್ನು ತೆರೆಯದೆ, ಚರ್ಮದ ಮೇಲಿಂದಲೇ ಅದನ್ನು ದಾಖಲಿಸಬಹುದೆಂದು 1887ರಲ್ಲಿ ತೋರಿಸಿದವರು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿದ್ದ ಆಗಸ್ಟಸ್ ವಾಲರ್. ತಮ್ಮ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇರಿಸಿ ಅವರು ಸಭೆಗಳಲ್ಲಿ ಪ್ರಾತ್ಯಕ್ಷಿಕೆ ನೀಡುತ್ತಿದ್ದರು. 1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಶರೀರಕ್ರಿಯಾ ವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಪ್ರಾತ್ಯಕ್ಷಿಕೆಯನ್ನು ನೋಡಿದವರಲ್ಲಿ ವಿಲೆಮ್ ಐಂಥೋವನ್ ಕೂಡ ಒಬ್ಬರು.

ಐಂಥೋವನ್ ಹುಟ್ಟಿದ್ದು 1860ರಲ್ಲಿ, ಆಗ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದ ಸೆಮರಾಂಗ್ ಪಟ್ಟಣದಲ್ಲಿ. ವೈದ್ಯರಾಗಿದ್ದ ತಂದೆ ಬೇಗ ತೀರಿಕೊಂಡ ಮೇಲೆ ತಾಯಿ ಮಕ್ಕಳೊಂದಿಗೆ ನೆದರ್ಲೆಂಡ್ಸ್‌ಗೆ ಮರಳಿದರು. ಉಟ್ರೆಕ್ಟ್‌ನಲ್ಲಿ ವೈದ್ಯಶಾಸ್ತ್ರ ಓದಿದ ಐಂಥೋವನ್ ಇನ್ನೂ 25ರ ಹರೆಯದಲ್ಲೇ ಲೈಡನ್‌ನಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು ಮತ್ತು ಕೊನೆಯವರೆಗೂ ಅಲ್ಲಿಯೇ ಉಳಿದರು.

ವಾಲರ್ ಬಳಸುತ್ತಿದ್ದ ಉಪಕರಣದಲ್ಲಿ ಕೂದಲೆಳೆಯಷ್ಟು ಸಪೂರವಾದ ಗಾಜಿನ ನಳಿಕೆಯೊಳಗೆ ಪಾದರಸವೂ ಗಂಧಕಾಮ್ಲವೂ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ವಿದ್ಯುತ್ತಿನ ಒತ್ತಡ ಬದಲಾದಂತೆ ಪಾದರಸದ ಅಂಚು ತುಸು ಸರಿಯುತ್ತಿತ್ತು. ಆ ಚಲನೆಯನ್ನು ಫೋಟೊ ತೆಗೆದರೆ ಅದೇ ಹೃದಯದ ರೇಖೆ. ತೊಂದರೆಯೆಂದರೆ, ಹೃದಯದ ವಿದ್ಯುತ್ ಕ್ಷಣಾರ್ಧದಲ್ಲಿ ಏರಿ ಇಳಿಯುತ್ತದೆ, ಆದರೆ ಪಾದರಸಕ್ಕೆ ಅಷ್ಟು ವೇಗವಿಲ್ಲ. ರೇಖೆಯ ಚೂಪಾದ ಶಿಖರಗಳು ಮೊಂಡಾಗಿ, ಸಣ್ಣ ಏರಿಳಿತಗಳು ಅಳಿಸಿಹೋಗುತ್ತಿದ್ದವು. ಐಂಥೋವನ್ ಇಲ್ಲಿ ಹಿಡಿದ ದಾರಿ ನನಗೆ ಇಡೀ ಕಥೆಯಲ್ಲೇ ಅತ್ಯಂತ ಮೆಚ್ಚುಗೆಯಾಗುವ ಭಾಗ. ಉಪಕರಣ ತಪ್ಪು ತೋರಿಸುತ್ತದೆಂದು ಅದನ್ನು ಬದಿಗಿಡುವ ಬದಲು, ಅದು ಯಾವ ನಿಯಮಕ್ಕೆ ಒಳಪಟ್ಟು ತಪ್ಪುತ್ತದೆ ಎಂಬುದನ್ನು ಅವರು ಅಳೆದರು. ಪಾದರಸ ತಲುಪಬೇಕಾದ ಜಾಗ ದೂರವಿದ್ದಷ್ಟೂ ಅದು ವೇಗವಾಗಿ ಚಲಿಸುತ್ತದೆ. ಹಾಗಾದರೆ ದಾಖಲಾದ ರೇಖೆಯ ಪ್ರತಿ ಬಿಂದುವಿನಲ್ಲೂ ಅದರ ಓರೆಯನ್ನು ಅಳೆದು ಲೆಕ್ಕ ಹಾಕಿದರೆ, ಆ ಕ್ಷಣದಲ್ಲಿ ಹೃದಯದ ನಿಜವಾದ ವಿದ್ಯುತ್ ಒತ್ತಡ ಎಷ್ಟಿತ್ತೆಂಬುದು ಸಿಗುತ್ತದೆ. ಹೀಗೆ ಬಿಂದು ಬಿಂದುವಾಗಿ ತಿದ್ದಿದ ರೇಖೆಯನ್ನು 1895ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಐದು ತಿರುವುಗಳು ಸ್ಪಷ್ಟವಾಗಿ ಕಂಡವು. ತಿದ್ದದ ರೇಖೆಗೆ ಎ, ಬಿ, ಸಿ, ಡಿ ಎಂಬ ಗುರುತುಗಳಿದ್ದುದರಿಂದ, ಗೊಂದಲವಾಗದಂತೆ ಹೊಸ ತಿರುವುಗಳನ್ನು ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆದರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಇದೇ ಅಕ್ಷರಗಳನ್ನು.

ಆದರೆ ಪ್ರತಿ ರೋಗಿಯ ರೇಖೆಗೂ ಇಷ್ಟು ಲೆಕ್ಕ ಮಾಡುತ್ತ ಕೂರುವುದು ಸಾಧ್ಯವಿರಲಿಲ್ಲ. ವೇಗವಾಗಿ ಸ್ಪಂದಿಸುವ ಬೇರೆ ಉಪಕರಣ ಬೇಕಿತ್ತು. ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ, ಬೆಳ್ಳಿಯ ಲೇಪವಿರುವ ಅತಿ ಸಪೂರವಾದ ಕ್ವಾರ್ಟ್ಸ್ ಎಳೆಯೊಂದನ್ನು ಬಿಗಿದು ಕಟ್ಟಿ, ಅದರ ಮೂಲಕ ಹೃದಯದ ವಿದ್ಯುತ್ತನ್ನು ಹರಿಸುವುದು ಐಂಥೋವನ್ ಕಂಡುಕೊಂಡ ಉಪಾಯ. ವಿದ್ಯುತ್ ಹರಿದಾಗ ಎಳೆ ಪಕ್ಕಕ್ಕೆ ಸರಿಯುತ್ತದೆ, ಸೂಕ್ಷ್ಮದರ್ಶಕದ ಮೂಲಕ ಅದರ ನೆರಳನ್ನು ನೂರಾರು ಪಟ್ಟು ಹಿಗ್ಗಿಸಿ ಚಲಿಸುವ ಫೋಟೊ ಫಲಕದ ಮೇಲೆ ಬೀಳಿಸಲಾಗುತ್ತದೆ. ಕಾಯಿಸಿ ಕರಗಿಸಿದ ಕ್ವಾರ್ಟ್ಸನ್ನು ಬಾಣದ ಬಾಲಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆದು ಇಂಥ ಎಳೆಗಳನ್ನು ತಯಾರಿಸುತ್ತಿದ್ದರು. ಯಂತ್ರದ ತೂಕ ಸುಮಾರು 270 ಕಿಲೊ. ಅದನ್ನು ನಡೆಸಲು ಐದು ಜನ ಬೇಕಾಗುತ್ತಿತ್ತು, ವಿದ್ಯುತ್ಕಾಂತ ಕಾಯದಂತೆ ಸದಾ ನೀರು ಹರಿಸಬೇಕಿತ್ತು. ಪರೀಕ್ಷೆಗೆ ಒಳಗಾಗುವವರು ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ತೊಟ್ಟಿಗಳಲ್ಲಿ ಮುಳುಗಿಸಿ ಕೂರಬೇಕಿತ್ತು. 1902 ಮತ್ತು 1903ರಲ್ಲಿ ಪ್ರಕಟವಾದ ರೇಖೆಗಳು, ಏಳೆಂಟು ವರ್ಷ ಹಿಂದೆ ಕಾಗದದ ಮೇಲೆ ಲೆಕ್ಕ ಹಾಕಿ ಬರೆದ ಆಕಾರಕ್ಕೆ ಹೊಂದಿಕೊಂಡವು. ಒಂದು ಮಿಲಿವೋಲ್ಟಿಗೆ ಒಂದು ಸೆಂಟಿಮೀಟರ್ ಎತ್ತರ, ಒಂದು ಸೆಕೆಂಡಿಗೆ 25 ಮಿಲಿಮೀಟರ್ ಉದ್ದ ಎಂದು ಆಗ ಅವರು ಇಟ್ಟುಕೊಂಡ ಅಳತೆ ಇಂದಿನ ಇಸಿಜಿ ಕಾಗದದಲ್ಲೂ ಹಾಗೆಯೇ ಉಳಿದಿದೆ.

ಅಷ್ಟು ಭಾರದ ಯಂತ್ರವನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯುವಂತಿರಲಿಲ್ಲ. ಹೃದಯ ಕುಸಿದ ರೋಗಿಯನ್ನು ಪ್ರಯೋಗಾಲಯಕ್ಕೆ ಕರೆತರುವುದೂ ಸುಲಭವಿರಲಿಲ್ಲ. ವಿಶ್ವವಿದ್ಯಾಲಯದ ಆಸ್ಪತ್ರೆ ಪ್ರಯೋಗಾಲಯದಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. ಭೌತವಿಜ್ಞಾನಿ ಯೋಹಾನೆಸ್ ಬೋಸ್ಕಾ ಅವರ ಸಲಹೆಯಂತೆ ಐಂಥೋವನ್ ಈ ಎರಡರ ನಡುವೆ ಟೆಲಿಫೋನ್ ತಂತಿಯನ್ನು ಬಳಸಿಕೊಂಡರು. ರೋಗಿ ಆಸ್ಪತ್ರೆಯಲ್ಲಿದ್ದಂತೆಯೇ ಅವರ ಹೃದಯದ ವಿದ್ಯುತ್ ತಂತಿಯ ಮೂಲಕ ಹರಿದು ಬಂದು ಪ್ರಯೋಗಾಲಯದ ಎಳೆಯನ್ನು ಅಲುಗಿಸಿತು. 1905ರ ಮಾರ್ಚ್‌ನಲ್ಲಿ ಹೀಗೆ ಮೊದಲ ದಾಖಲೆ ದೊರೆಯಿತು. ಮರುವರ್ಷ ಪ್ರಕಟವಾದ ಲೇಖನದಲ್ಲಿ ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ದಪ್ಪಗಾದಾಗ, ಬಡಿತ ಅಕಾಲದಲ್ಲಿ ಬಂದಾಗ, ಮೇಲಿನ ಕೋಣೆಯಾದ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ಸಾಗುವುದು ಪೂರ್ತಿ ನಿಂತಾಗ ರೇಖೆ ಹೇಗೆ ಬದಲಾಗುತ್ತದೆ ಎಂಬುದೆಲ್ಲ ಸೇರಿತ್ತು. ಆರೋಗ್ಯವಂತರನ್ನಷ್ಟೇ ದಾಖಲಿಸುತ್ತಿದ್ದರೆ ಇವುಗಳಲ್ಲಿ ಒಂದೂ ಸಿಗುತ್ತಿರಲಿಲ್ಲ. ಶರೀರಕ್ರಿಯಾ ವಿಜ್ಞಾನದ ಸಂಶೋಧನೆಯೊಂದು ರೋಗನಿದಾನದ ಸಾಧನವಾಗಿ ಬದಲಾದದ್ದು ಈ ಒಂದೂವರೆ ಕಿಲೋಮೀಟರ್ ತಂತಿಯಿಂದ ಎಂದೇ ನಾನು ಭಾವಿಸುತ್ತೇನೆ.

ತಯಾರಿಕೆಯ ಹಾದಿ ಅಷ್ಟು ಸುಗಮವಾಗಿರಲಿಲ್ಲ. ಮ್ಯೂನಿಕ್‌ನ ಎಡೆಲ್‌ಮನ್ ಕಂಪನಿ ಯಂತ್ರದ ಮಾರಾಟಕ್ಕೆ ಮೊದಲು ಗೌರವಧನ ಕೊಡುವುದಾಗಿ ಒಪ್ಪಿ ಆಮೇಲೆ ನಿಲ್ಲಿಸಿತು. ಐಂಥೋವನ್ ಬಳಿಕ ಇಂಗ್ಲೆಂಡಿನ ಕೇಂಬ್ರಿಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿಯೊಡನೆ ಕೈಜೋಡಿಸಿದರು. ವಾಲರ್ ಅವರಿಗೇ 1911ರಲ್ಲೂ ಈ ವಿಧಾನ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಯಾದೀತೆಂಬ ನಂಬಿಕೆಯಿರಲಿಲ್ಲ. ಅಷ್ಟು ಹೊತ್ತಿಗೆ ಲಂಡನ್ನಿನ ಥಾಮಸ್ ಲೂಯಿಸ್ ಆ ಅನುಮಾನವನ್ನು ಕೆಲಸದಿಂದಲೇ ನಿವಾರಿಸತೊಡಗಿದ್ದರು. ನಾಡಿ ಪೂರ್ತಿ ಲಯತಪ್ಪಿ ಬಡಿಯುವ ಸ್ಥಿತಿಗೆ ಹೃತ್ಕರ್ಣಗಳ ಕಂಪನವೇ ಕಾರಣವೆಂದು 1909ರಲ್ಲಿ ಅವರು ಇಸಿಜಿಯಿಂದ ತೋರಿಸಿದರು. ವಿಯೆನ್ನಾದ ರಾತ್‌ಬರ್ಗರ್ ಮತ್ತು ವಿಂಟರ್‌ಬರ್ಗ್ ಕೂಡ ಅದೇ ಸಮಯದಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು. 1924ರ ನೊಬೆಲ್ ಬಹುಮಾನ ಐಂಥೋವನ್ ಅವರಿಗೊಬ್ಬರಿಗೇ ಸಂದಿತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಲೂಯಿಸ್ ಅವರ ಕೊಡುಗೆಯನ್ನು ಮನಸಾರೆ ನೆನೆದರು. ಬಹುಮಾನದ ಅರ್ಧ ಹಣವನ್ನು, ಯಂತ್ರ ಕಟ್ಟಲು ನೆರವಾಗಿ ಆ ವೇಳೆಗೆ ತೀರಿಕೊಂಡಿದ್ದ ಸಹಾಯಕರ ಇಬ್ಬರು ಸಹೋದರಿಯರಿಗೆ ಕೊಟ್ಟರೆಂದು ಅವರ ಬದುಕನ್ನು ಕುರಿತು ಬರೆದವರು ದಾಖಲಿಸಿದ್ದಾರೆ. 1927ರಲ್ಲಿ ಅವರು ನಿಧನರಾದರು.

ಇಂದು ಇಸಿಜಿ ಎಂದೊಡನೆ ನಮಗೆ ನೆನಪಾಗುವ ಹೃದಯಾಘಾತ ಈವರೆಗಿನ ಕಥೆಯಲ್ಲಿ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ರೋಗಿ ಬದುಕುಳಿಯಬಹುದು, ಬದುಕಿರುವಾಗಲೇ ಅದನ್ನು ಗುರುತಿಸಬಹುದು ಎಂದು ಶಿಕಾಗೊದ ಜೇಮ್ಸ್ ಹೆರಿಕ್ ಪ್ರತಿಪಾದಿಸಿದ್ದು 1912ರಲ್ಲಿ. ಹಾಗೆ ಹೆಪ್ಪುಗಟ್ಟಿದಾಗ ಎಸ್ ಮತ್ತು ಟಿಗಳ ನಡುವಿನ ಭಾಗ ಮೇಲಕ್ಕೇರುವುದನ್ನು ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ರೋಗಿಯೊಬ್ಬರಲ್ಲಿ ಗುರುತಿಸಿ ಪ್ರಕಟಿಸಿದ್ದು 1920ರಲ್ಲಿ. ಎದೆಯ ಮೇಲಿನ ಆರು ಸ್ಥಾನಗಳು 1930ರ ದಶಕದಲ್ಲೂ ಕೈಕಾಲುಗಳ ಉಳಿದ ಮೂರು ದಾಖಲೆಗಳು 1942ರಲ್ಲೂ ಸೇರಿ ಈಗಿನ ಹನ್ನೆರಡು ದಾಖಲೆಗಳ ಪದ್ಧತಿ ಪೂರ್ಣವಾಯಿತು. ಅವುಗಳಲ್ಲಿ ಮೊದಲ ಮೂರು ಐಂಥೋವನ್ ಅವರ ಉಪ್ಪುನೀರಿನ ತೊಟ್ಟಿಗಳ ಕಾಲದವು.

ದೂರದಿಂದ ಇಸಿಜಿ ನೋಡುವ ಲೈಡನ್‌ನ ವಿಧಾನ ಕರ್ನಾಟಕದಲ್ಲಿ ಈಗ ಹೊಸ ರೂಪದಲ್ಲಿ ನಡೆಯುತ್ತಿದೆ. ಕರಾವಳಿ ಮತ್ತು ಮಲೆನಾಡಿನ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅಲ್ಲಿ ತೆಗೆದ ರೇಖೆಯನ್ನು ವಾಟ್ಸಾಪ್ ಮೂಲಕ ತಜ್ಞರಿಗೆ ತಲುಪಿಸುವ ಕೆಲಸವನ್ನು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಆರಂಭಿಸಿದರು. 2023ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಕೇಂದ್ರಗಳೊಡನೆ ಜೋಡಿಸುತ್ತದೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಚಿಕಿತ್ಸೆ) ಮಾಡುವಂಥ ಆಸ್ಪತ್ರೆಯನ್ನು ಮುಟ್ಟಲಾಗದ ರೋಗಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಡವಿಲ್ಲದೆ ಕೊಡಬೇಕೆಂಬುದು ಚಿಕಿತ್ಸೆಯ ನಿಯಮ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಇಸಿಜಿಯಿಂದ ರೋಗಿಗೆ ಪ್ರಯೋಜನವಾಗಬೇಕಿದ್ದರೆ, ರೇಖೆ ಬೆಂಗಳೂರು ತಲುಪಿದರೆ ಸಾಲದು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಆ ತಾಲ್ಲೂಕು ಆಸ್ಪತ್ರೆಯ ದಾಸ್ತಾನಿನಲ್ಲಿಯೂ, ಅದನ್ನು ಕೊಡಬಲ್ಲ ವೈದ್ಯರು ರಾತ್ರಿ ಪಾಳಿಯಲ್ಲಿಯೂ ಇರಬೇಕು.