ಇಎಸ್‌ಪಿ ಅಂದರೆ ಏನು?

ಮರದ ಚೂರು, ಹೊಟ್ಟು, ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್‌ನ ಹೊಗೆಯಲ್ಲಿ ಬೂದಿ, ಮಸಿ ಇದ್ದೇ ಇರುತ್ತದೆ. ಹೊಗೆ ಚಿಮಣಿ ಸೇರುವ ಮುಂಚೆ ಅದನ್ನು ಕರೆಂಟಿನ ಬಲದಿಂದ ಹಿಡಿಯುವ ಯಂತ್ರ ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್. ಬಾಯ್ಲರ್ ನಡೆಸುವವರ ಬಾಯಲ್ಲಿ ಅದು ಬರೀ ಇಎಸ್‌ಪಿ.

ಒಳಗೆ ಉಕ್ಕಿನ ದೊಡ್ಡ ತಗಡುಗಳು ಸಾಲಾಗಿ ತೂಗುತ್ತಿರುತ್ತವೆ. ಎರಡು ಸಾಲಿನ ನಡುವೆ ತಂತಿಗಳು. ತಂತಿಗೆ ಹತ್ತಾರು ಸಾವಿರ ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕೊಟ್ಟಾಗ ಸುತ್ತಲಿನ ಅನಿಲದಲ್ಲಿ ಅಯಾನುಗಳು, ಅಂದರೆ ಚಾರ್ಜ್ ಇರುವ ಅಣುಗಳು, ಹುಟ್ಟಿ ಕಣಗಳಿಗೆ ಅಂಟುತ್ತವೆ. ಚಾರ್ಜ್ ಆದ ಕಣ ತಗಡಿನತ್ತ ಸರಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗಾಗ ಸುತ್ತಿಗೆಗಳು ತಗಡನ್ನು ಬಡಿಯುತ್ತವೆ, ಬೂದಿ ಹಾಳೆಹಾಳೆಯಾಗಿ ಕಳಚಿ ಕೆಳಗೆ ಬೂದಿ ಕೂಡುವ ತೊಟ್ಟಿಗೆ (ಹಾಪರ್) ಬೀಳುತ್ತದೆ. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ 1908ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಹೊಗೆಯನ್ನು ಗಿರಗಿರನೆ ಸುತ್ತಿಸಿ ಬೂದಿ ಬೀಳಿಸುವ ಸೈಕ್ಲೋನ್ ಸಾಲದೇ? ಸಾಲದು. 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಪ್ಪ ಕಣ ಅದಕ್ಕೆ ಚೆನ್ನಾಗಿ ಸಿಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ, 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳಲ್ಲಿ ಬಹುಪಾಲು ತಪ್ಪಿಸಿಕೊಳ್ಳುತ್ತವೆ. ಮರ, ಹೊಟ್ಟು, ಸಿಪ್ಪೆಯಂಥ ಗಿಡಮೂಲದ ಇಂಧನದಲ್ಲಿ (ಬಯೋಮಾಸ್) ಈ ಸಣ್ಣ ಕಣಗಳದ್ದೇ ದೊಡ್ಡ ಕಾಟ. ಗಿಡದಲ್ಲಿರುವ ಪೊಟ್ಯಾಸಿಯಂ, ಕ್ಲೋರಿನ್ ಬೆಂಕಿಯಲ್ಲಿ ಆವಿಯಾಗಿ, ಹೊಗೆ ತಣ್ಣಗಾದಾಗ ಒಂದು ಮೈಕ್ರಾನ್‌ಗಿಂತಲೂ ಚಿಕ್ಕ ಉಪ್ಪಿನ ಕಣಗಳಾಗುತ್ತವೆ. ಬಟ್ಟೆಯಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಇವನ್ನೂ ಹಿಡಿಯುತ್ತದೆ, ಆದರೆ ಹಾರಿಬಂದ ಒಂದು ಕಿಡಿ ಸಾಕು, ಚೀಲಕ್ಕೆ ಬೆಂಕಿ ಹತ್ತಬಹುದು. ಅದಕ್ಕೇ ಕಿಡಿ ಹಿಡಿಯಲು ಬ್ಯಾಗ್ ಫಿಲ್ಟರ್‌ಗಿಂತ ಮೊದಲು ಒಂದು ಸೈಕ್ಲೋನ್ ಇಡುವುದು ಒಳ್ಳೆಯದು.

ಇಎಸ್‌ಪಿ ಹಾಕಿದ್ದೇವೆ, ಇನ್ನು ಏನು ಉರಿಸಿದರೂ ನಡೆಯುತ್ತೆ ಅಂದುಕೊಳ್ಳಬಾರದು. ಹಸಿ ಸೌದೆ ಹಾಕಿದರೆ ಶಾಖವೆಲ್ಲ ನೀರು ಆವಿಮಾಡುವುದಕ್ಕೇ ಹೋಗಿ ಉರಿ ಮಂಕಾಗುತ್ತದೆ, ಅರ್ಧ ಸುಟ್ಟ ಇಂಗಾಲ ಜಾಸ್ತಿಯಾಗುತ್ತದೆ. ಇಂಗಾಲದ ಕಣದಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. ಹಾಗಾಗಿ ತಗಡು ಮುಟ್ಟಿದ ತಕ್ಷಣ ಅದರ ಚಾರ್ಜ್ ಹೋಗಿ, ಹಿಡಿತ ತಪ್ಪಿ, ಮತ್ತೆ ಹೊಗೆಯೊಳಗೆ ಹಾರುತ್ತದೆ! ಸರಿಯಾಗಿ ಉರಿಯದ ಸೌದೆಯಿಂದ ಬರುವ ಅಂಟು ಟಾರ್ ಇದ್ದರಂತೂ ತಂತಿ, ತಗಡು ಎರಡೂ ಜಿಡ್ಡು. ಒಣಗಿದ ಇಂಧನ, ಉರಿಯ ಮೇಲೆ ಸರಿಯಾಗಿ ಬೀಸುವ ಗಾಳಿ, ಇವೆರಡನ್ನು ಮೊದಲು ನೋಡಿಕೊಳ್ಳಬೇಕು. ಯಂತ್ರದ ಮಾತು ಆಮೇಲೆ.

ಇನ್ನೊಂದು ವಿಷಯ. ತಣ್ಣಗಿರುವ ಬಾಯ್ಲರ್ ಹೊತ್ತಿಸಿದ ಕೂಡಲೇ ಸಾಮಾನ್ಯವಾಗಿ ಇಎಸ್‌ಪಿ ಚಾಲೂ ಮಾಡುವುದಿಲ್ಲ. ಆಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿರಬಹುದು, ಒಳಗಿನ ಕಿಡಿಯಿಂದ ಅದು ಸ್ಫೋಟಿಸುವ ಅಪಾಯವಿದೆ. ಉರಿ ನೆಲೆಗೊಳ್ಳುವವರೆಗೆ ಹೊಗೆ ಹಾಗೇ ಹೊರಗೆ. ಆದ್ದರಿಂದ ಬಾಯ್ಲರನ್ನು ಪದೇಪದೇ ಆರಿಸಿ ಹೊತ್ತಿಸುವುದನ್ನು ಕಡಿಮೆ ಮಾಡಿದರೂ ದೂಳು ಸಾಕಷ್ಟು ತಗ್ಗುತ್ತದೆ.